ಹೆಸರಿಗೆ ಬಿಟ್ಟ ಜಾಗ

ಯಾವ ಕಂಪ್ಯೂಟರಿನ ಹತ್ತಿರ ಹೋದರೂ ಅವರು ಮೊದಲು ಕೈ ಮಗುಚಿ, ಬೆರಳುಗಳ ಹಿಂಬದಿಯನ್ನು ಅದರ ಪಕ್ಕೆಗೆ ಇಟ್ಟು ನೋಡುತ್ತಿದ್ದರು, ಮಕ್ಕಳ ಜ್ವರ ನೋಡಿದ ಹಾಗೆ. ಆಮೇಲೆ ಕಿವಿ ಹತ್ತಿರ ಒಯ್ಯುತ್ತಿದ್ದರು. ಗುಂಡಿ ಒತ್ತುವುದು ಅದಾದ ಮೇಲೆ. ಕೆಟ್ಟಿತು ಎಂದು ಯಾರಾದರೂ ಕರೆದರೆ ಅವರು ಕೇಳುತ್ತಿದ್ದ ಮಾತು ಒಂದೇ: "ಸಾಯೋ ಮುಂಚೆ ಏನಂತು? ಕೊನೇ ಸಾಲು ಓದಿದ್ರಾ?" ಯಾರೂ ಓದಿರುತ್ತಿರಲಿಲ್ಲ. ಆರಿಸಿ ಮತ್ತೆ ಹಚ್ಚಿರುತ್ತಿದ್ದರು. ಅವರಿಗೆ ಅದಕ್ಕೇ ಸಿಟ್ಟು.

ಇಲ್ಲಿಯ ಕನ್ನಡದವರು ಸೇರಿ ಅವರ ನೆನಪಿಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ನೀವೂ ಬರೆಯಿರಿ ಎಂದರು. ಅವರ ವಿದ್ಯೆ, ಸೇವೆ ಎಲ್ಲ ಬೇರೆಯವರು ಬರೆಯುತ್ತಾರೆ. ನಾನು ನನ್ನ ಪಡಸಾಲೆಯಲ್ಲಿ ಕಂಡದ್ದು ಬರೆಯುತ್ತೇನೆ.

ನಮ್ಮದು ಗಂಗೆಯ ದಂಡೆಯ ಈ ಊರಲ್ಲಿ, ಸೋನಾರ್‌ಪುರದ ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯ ಮನೆ. ಊರ ಕಡೆಯಿಂದ ಜನ ಸತ್ತವರ ಕರ್ಮ ಮಾಡಿಸಲು ಬರುತ್ತಾರೆ. ಮುಂದಿನ ಪಡಸಾಲೆಯಲ್ಲಿ ಕರ್ಮ, ಹಿಂದೆ ಊಟ. ಮಾಡಿಸುತ್ತಿದ್ದವರು ನಮ್ಮನೆಯವರು. ಈಗ ಮಗ. ನಾನು ಗದಗದ ಕಡೆಯಿಂದ ಈ ಮನೆಗೆ ಬಂದಾಗಿನಿಂದ ಅಡುಗೆಮನೆಯ ಹೊಸ್ತಿಲ ಈಚೆ ನಿಂತು ಎಲ್ಲ ನೋಡಿದ್ದೇನೆ.

ಪುಸ್ತಕ ಯಾರ ನೆನಪಿಗೋ ಅವರು ಮೈಸೂರಿನ ಕಡೆಯವರು. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಪಾಠ ಹೇಳಿದವರಲ್ಲ, ಆದರೂ ನಮ್ಮ ಮನೆಯಲ್ಲಿ ಮಾಸ್ತರ ಎಂದೇ ಕರೆದೆವು. ನನ್ನನ್ನು ಅತ್ತಿಗೆ ಅನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ. "ಯಾರೂ ಕೇಳಲಿಲ್ಲ ಅತ್ತಿಗೆ" ಎಂದು ಮಜ್ಜಿಗೆ ಅನ್ನ ಕಲಸುತ್ತ ಕೂತರು. ಅಣ್ಣ ಒಬ್ಬನಿದ್ದ, ಮಾತು ಬಿಟ್ಟಿದ್ದ. ಇಷ್ಟು ವರ್ಷ ಇದ್ದರೂ ಹಿಂದಿ ಬರಲಿಲ್ಲ. ತಮ್ಮ ಮನೆಯಿದ್ದ ಅಸ್ಸಿಯಿಂದ ನಮ್ಮ ಗಲ್ಲಿಯ ಬಾಯಿಗೆ ರಿಕ್ಷಾದಲ್ಲಿ ಬಂದು ಇಳಿದರೆ, ರಿಕ್ಷಾದವನಿಗೆ ಇವರ ಹಿಂದಿ ಕೇಳುವುದೇ ಒಂದು ಮೋಜು. "ಔರ್ ಬೋಲಿಯೇ ಬಾಬೂಜಿ, ಔರ್ ಬೋಲಿಯೇ" ಎಂದು ನಿಲ್ಲಿಸಿಕೊಳ್ಳುತ್ತಿದ್ದ.

ಮೊದಲ ಸಲ ಬಂದದ್ದು ಅವರ ತಾಯಿಯ ಕರ್ಮಕ್ಕೆ. ನಮ್ಮನೆಯವರದು ಭಾರವಾದ ದನಿ, ಅವಸರ ಇಲ್ಲ. ಒಂದೊಂದು ಶಬ್ದವನ್ನೂ ಕೆಳಗೆ ಇಟ್ಟು, ನಿಂತಿತೇ ಎಂದು ನೋಡಿ, ಮುಂದಿನದಕ್ಕೆ ಹೋಗುವವರು. ಕರ್ಮಕ್ಕೆ ಕೂತವರನ್ನು, "ಆಫೀಸಿನ ಹೆಸರು ಬ್ಯಾಡ. ತೊಟ್ಟಿಲದಾಗ ಇಟ್ಟ ಹೆಸರು ಹೇಳ್ರಿ" ಎಂದು ಕೇಳುತ್ತಿದ್ದರು. ಮಾಸ್ತರರು ತಾಯಿಯ ಹೆಸರು ಹೇಳಿದರು. ನಮ್ಮನೆಯವರು ಅದರ ಬೆನ್ನಿಗೆ ಮಂತ್ರ ಮುಂದುವರಿಸಿದರು. ಊಟಕ್ಕೆ ಕೂತಾಗ ಇವರು ಅನ್ನ ಮುಟ್ಟದೆ, "ನಾಳೆ ನನಗೂ ನೀವೇ ಮಾಡ್ಬೇಕು. ನನಗೆ ಹಿಂದೆ ಮುಂದೆ ಯಾರೂ ಇಲ್ಲ" ಎಂದರು.

"ಮಾಡ್ತೀನಿ. ಮದ್ಲ ಊಟ ಮಾಡ್ರಿ" ಎಂದರು ನಮ್ಮನೆಯವರು.

ಅವರಿಗೆ ಅದು ಊಟ ಮಾಡಿಸುವ ಮಾತು. ಇವರು ಮಾತು ಕೊಟ್ಟರು ಎಂದೇ ಇಟ್ಟುಕೊಂಡರು. ಅಲ್ಲಿಂದ ಮುಂದೆ ಭಾನುವಾರದ ಊಟ ನಮ್ಮಲ್ಲೇ.

ಆಮೇಲೆ ನಮ್ಮನೆಯವರ ಗಂಟಲಿಗೆ ರೋಗ ಬಂತು. ಮೊದಲು ಕೆಮ್ಮು. ಧ್ವನಿಪೆಟ್ಟಿಗೆ ತೆಗೆಯದೆ ದಾರಿಯಿಲ್ಲ ಎಂದರು ಡಾಕ್ಟರು. ನಾವು ತಲೆ ಮೇಲೆ ಕೈ ಹೊತ್ತು ಕೂತೆವು. ಇವರು ಮೈಕು, ವೈರು, ಹೆಗಲ ಮೇಲೆ ಎರಡು ರಜಾಯಿ ಹೊತ್ತುಕೊಂಡು ಬಂದರು. ಗಲ್ಲಿಯ ಸದ್ದು ಬಾರದ ಹಾಗೆ ಒಳಕೋಣೆಯ ಕಿಟಕಿಗೆ ರಜಾಯಿ ತುರುಕಿ, ನಮ್ಮನೆಯವರನ್ನು ಕೂರಿಸಿ ಎಲ್ಲ ಹೇಳಿಸಿ ದನಿ ತುಂಬಿಕೊಂಡರು. ಸಂವತ್ಸರ, ಮಾಸ, ಪಕ್ಷ, ತಿಥಿ, ನಕ್ಷತ್ರ, ಗೋತ್ರ, ಎಲ್ಲ ಬಿಡಿಬಿಡಿಯಾಗಿ. ಆ ಬಿಡಿ ಮಾತುಗಳನ್ನು ಆಯಾ ದಿನಕ್ಕೆ ತಕ್ಕಂತೆ ಜೋಡಿಸಿ ಹೇಳುವ ಹಾಗೆ ಒಂದು ಕಂಪ್ಯೂಟರ್ ಮಾಡಿ ಪಡಸಾಲೆಯಲ್ಲಿ ಇಟ್ಟರು.

ಹೆಸರು ಮಾತ್ರ ಅದರಲ್ಲಿ ಇಲ್ಲ. ನಮ್ಮನೆಯವರು ಒಪ್ಪಲಿಲ್ಲ. "ಹೆಸರು ಯಂತ್ರ ಹೇಳಬಾರದು. ಸತ್ತವರನ್ನ ಬಲ್ಲವರ ಬಾಯಿಂದ ಬರಬೇಕು" ಎಂದರು. ಅದಕ್ಕೇ ಅದು ಗೋತ್ರ ಹೇಳಿ ನಿಲ್ಲುತ್ತದೆ. ಕರ್ಮಕ್ಕೆ ಕೂತವರು ಹೆಸರು ಹೇಳಿ ಗುಂಡಿ ಒತ್ತಬೇಕು. ಆಗ ಮುಂದಿನದು.

"ನನ್ನದೊಂದು ಹೆಸರು ತುಂಬಿಬಿಡಿ. ನನ್ನದನ್ನ ಹೇಳೋರು ಯಾರಿದಾರೆ?" ಎಂದು ಇವರು ಕೇಳಿದರು.

"ಬದುಕಿದ್ದವನ ಹೆಸರಿನ ಮುಂದ ಪ್ರೇತ ಅಂತ ನಾ ಅನ್ನೂದಿಲ್ಲ. ಏಳ್ರಿ ಸಾಕು."

ಅದು ನಮ್ಮನೆಯವರು ಆ ಕೋಣೆಯಲ್ಲಿ ಆಡಿದ ಕೊನೆಯ ಜಗಳ.

ದನಿ ಹೋದ ಮೇಲೂ ಅವರೇ ಕರ್ಮ ಮಾಡಿಸಿದರು. ಕೈಸನ್ನೆ ಅವರದು, ಮಾತು ಕಂಪ್ಯೂಟರಿನದು. ಹೊಸಬರು ಮೊದಲು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಆಗ ಅದು ಕೆಮ್ಮುತ್ತಿತ್ತು. ತುಂಬುವಾಗ ಬಂದ ಕೆಮ್ಮನ್ನು ಮಾಸ್ತರರು ಕತ್ತರಿಸದೆ ಹಾಗೇ ಬಿಟ್ಟಿದ್ದರು. ಒಂದು ಕೆಮ್ಮು, ಆಮೇಲೆ "ಆಚಮ್ಯ". ಅಷ್ಟು ಕೇಳಿದರೆ ನಗುವವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಒಂದು ಮಾತು ಹೇಳಬೇಕು. ಕರ್ಮಕ್ಕೆ ಬೇಕಾದ ಎಲ್ಲದಕ್ಕೂ ನೀರು ಚಿಮುಕಿಸಿ ಶುದ್ಧ ಮಾಡುವುದು ಪದ್ಧತಿ. ಎಳ್ಳಿಗೆ, ದರ್ಭೆಗೆ, ಎಲೆಗೆ. ಕಂಪ್ಯೂಟರ್ ಈಗ ಮಂತ್ರ ಹೇಳುವ ಬಾಯಿಯಾಯಿತಲ್ಲ, ಅದಕ್ಕೂ ದಿನಾ ಗಂಗೆಯ ನೀರು. ಮಾಸ್ತರರು ಎದುರಿಗೇ ಕೂತಿದ್ದರೂ ಬೇಡ ಅನ್ನಲಿಲ್ಲ. ಮುಂದೊಂದು ದಿನ ನಾನು ಕೇಳಿದ್ದಕ್ಕೆ, "ಅವರ ಬಾಯಿ ಕಿತ್ಕೊಂಡು ಡಬ್ಬೀಲಿ ಹಾಕಿದೀನಿ. ಅದಕ್ಕೆ ನೀರು ಹಾಕ್ಬೇಡಿ ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದರು.

ನಮ್ಮನೆಯವರು ಹೋದರು. ಮಗ ಮಾಡಿಸತೊಡಗಿದ. ಅವನಿಗೆ ದನಿ ಇದೆ, ಆದರೂ ಹಳೆಯ ಕೆಲವು ಮನೆತನದವರು ಬಂದರೆ ಆ ದನಿಯೇ ಬೇಕು ಅನ್ನುತ್ತಿದ್ದರು. ಹಾಗಾಗಿ ಕಂಪ್ಯೂಟರ್ ಪಡಸಾಲೆಯಲ್ಲೇ ಉಳಿಯಿತು.

ಇಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಬಂದ ಕೂಡಲೆ ಆ ಕಂಪ್ಯೂಟರ್ ತಾನಾಗಿ ಏಳುತ್ತಿತ್ತು. ಎದ್ದರೆ ತಾನಾಗಿ ಶುರು ಮಾಡುತ್ತಿತ್ತು. ನಾನು ಒಲೆಯ ಮುಂದೆ ಇರುತ್ತಿದ್ದೆ. ಫ್ಯಾನ್ ತಿರುಗುವುದು, ಫ್ರಿಜ್ ಗುರ್ ಅನ್ನುವುದು, ಆಮೇಲೆ ಪಡಸಾಲೆಯಿಂದ ಕೆಮ್ಮು. "ಆಚಮ್ಯ." ಮೊದಲ ಸಲ ನಾನು ಆಚಮನಕ್ಕೆ ತಂಬಿಗೆಯಲ್ಲಿ ನೀರು ತೆಗೆದುಕೊಂಡು ನಡೆದೇಬಿಟ್ಟೆ. ಪಡಸಾಲೆಯಲ್ಲಿ ಯಾರೂ ಇಲ್ಲ. ಅದು ತಿಥಿ ಹೇಳಿತು, ನಕ್ಷತ್ರ ಹೇಳಿತು, ಯಾರದೋ ಹೆಸರಿಗೆ ಕಾದು ನಿಂತಿತು. ನಾನು ತಂಬಿಗೆ ಹಿಡಿದು ನಿಂತೆ. ಹೇಳಲು ನನ್ನ ಹತ್ತಿರ ಹೆಸರಿಲ್ಲ. ಗಂಡನ ಹೆಸರು ನಾವು ಹೇಳುವುದಿಲ್ಲ.

ಮಗನಿಗೆ ಹೇಳಿದೆ, ಅದನ್ನು ಅಟ್ಟಕ್ಕೆ ಹಾಕು ಎಂದು. "ಅಮ್ಮಾ, ಛೋಡೋ ನಾ. ಅಪ್ಪನ್ನ ಅಟ್ಟಕ್ಕ ಹ್ಯಾಂಗ ಹಾಕೂದು?" ಎಂದ.

ಆಮೇಲೆ ಅದು ತಾನೇ ಸಾಯತೊಡಗಿತು. ಮಾತಿನ ನಡುವೆ ನಿಲ್ಲುವುದು, ಸಿಕ್ಕಿಹಾಕಿಕೊಂಡಂತೆ ಒಂದೇ ಶಬ್ದ ಹತ್ತು ಸಲ ಅನ್ನುವುದು. ಮಾಸ್ತರರು ಬೆರಳ ಹಿಂಬದಿ ಇಟ್ಟು ನೋಡಿದರು. ಅವರೂ ಅಷ್ಟು ಹೊತ್ತಿಗೆ ನಿವೃತ್ತರಾಗಿ, ಎದೆನೋವಿನ ಗುಳಿಗೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು.

"ಇದು ಹೋದ್ರೆ ಭಟ್ಟರು ಕೊಟ್ಟ ಮಾತು ಹೋಯ್ತು" ಎಂದರು.

ಮಗ ನಕ್ಕ. "ಅಂಕಲ್, ಮೈ ಹೂಂ ನಾ. ನಿಮ್ಮದು ನಾನೇ ಮಾಡತೀನಿ."

"ನೀನು ಮಂತ್ರಾನ ಆಟೋ ಓಡಿಸಿದ ಹಾಗೆ ಓಡಿಸ್ತೀಯಪ್ಪ. ಇಲ್ಲೇ ಗೋದೌಲಿಯಾ ಚೌಕದಲ್ಲಿ ನಾನು ಕೆಳಗೆ ಬಿದ್ದಿರ್ತೀನಿ, ನೀನು ಗಯಾ ತಲುಪಿರ್ತೀಯ."

ನಗುತ್ತ ಅಂದರೂ ಅದು ನಗುವ ಮಾತಲ್ಲ ಎಂದು ನನಗೆ ತಿಳಿಯಿತು. ಈ ಮನುಷ್ಯನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಸತ್ತ ಮೇಲೆ ಆ ದನಿ ತನ್ನನ್ನು ದಾಟಿಸಬೇಕು, ಅಷ್ಟೇ. ನಾನು ಮುಖಕ್ಕೇ ಹೇಳಿದೆ: "ಮಾಸ್ತರ, ಸತ್ತವರನ್ನ ಹಿಡಿದು ಎಷ್ಟು ದಿನ ಜಗ್ಗತೀರಿ? ಬಿಟ್ಟುಬಿಡ್ರಿ."

"ನನ್ನದೊಂದು ಆಗಲಿ ಅತ್ತಿಗೆ. ಆಮೇಲೆ ನೀವೇ ಗಂಗೆಗೆ ಹಾಕಿ."

ಅದರೊಳಗಿನದನ್ನು ತೆಗೆದು ಹೊಸದಕ್ಕೆ ಹಾಕಿದರೆ ಆಯಿತಲ್ಲ ಎಂದು ನಾನು ಕೇಳಿದೆ. ಆಗುವುದಿಲ್ಲವಂತೆ. ಅದು ಹಳೆಯ ಕಾಲದ ಕಂಪ್ಯೂಟರಿನಲ್ಲಿ ಮಾತ್ರ ನಡೆಯುವ ಪ್ರೋಗ್ರಾಮು, ಹೊಸದರಲ್ಲಿ ಬಾಯಿ ಬಿಡುವುದಿಲ್ಲ. ಅದಕ್ಕೆ ಹಳೆಯ ಕಂಪ್ಯೂಟರನ್ನು ಇದ್ದದ್ದು ಇದ್ದ ಹಾಗೆ, ಅಂಗಾಂಗ ಸಮೇತ ಒಂದು ಫೈಲು ಮಾಡಿ, ಹೊಸ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಕೂರಿಸಬೇಕು. ವರ್ಚುವಲ್ ಮಷೀನ್ ಅನ್ನುತ್ತಾರೆ. ಒಳಗೆ ಕೂತದ್ದಕ್ಕೆ ತನ್ನ ಮೈ ಹೋದದ್ದು ಗೊತ್ತಾಗುವುದಿಲ್ಲ. ತಾನು ಇನ್ನೂ ಪಡಸಾಲೆಯ ಮೂಲೆಯಲ್ಲೇ ಇದ್ದೇನೆ ಎಂದುಕೊಂಡಿರುತ್ತದೆ.

"ಅಂದ್ರ ಅದೂ ಪ್ರೇತನೇ ಆತಲ್ಲ" ಎಂದೆ.

ಅವರು ಬಗ್ಗಿ ಸ್ಕ್ರೂ ಬಿಚ್ಚುತ್ತಿದ್ದರು. ಮುಚ್ಚಳ ತೆಗೆದಾಗ ಒಳಗೆ ತುಕ್ಕು, ಗಂಗೆಯ ನೀರು ಒಣಗಿದ ಬಿಳಿ ಪದರು, ಕರಿ ಎಳ್ಳು, ಒಂದು ಮುರುಟಿದ ತುಳಸಿ ಎಲೆ. ಅವರು ಎಳ್ಳನ್ನು ಒಂದೊಂದಾಗಿ ಆರಿಸಿ ಹಾಳೆಯ ಮೇಲೆ ಇಟ್ಟರು. ಎಸೆಯಲಿಲ್ಲ.

ಫೈಲು ಮಾಡಿ ಲ್ಯಾಪ್‌ಟಾಪಿಗೆ ಹಾಕಿದರು. ಹಚ್ಚಿದರೆ ಕರಿ ಪರದೆ, ಅದರಲ್ಲಿ ಒಂದು ಸಣ್ಣ ಪಟ್ಟಿ ಹರಿದಾಡಿತು, ನೀಲಿ ಬಣ್ಣ ಒಮ್ಮೆ ಮಿಂಚಿ ಹೋಯಿತು, ಮತ್ತೆ ಕರಿ. ಮತ್ತೆ ಪಟ್ಟಿ, ಮತ್ತೆ ನೀಲಿ. ತಾನೇ ಏಳುವುದು, ತಾನೇ ಸಾಯುವುದು. ನಾನು ಕಾಫಿ ಇಟ್ಟು ಬಂದು, ಪಾತ್ರೆ ತೊಳೆದು, ಮತ್ತೆ ಬಂದರೂ ಅದೇ ನಡೆದಿತ್ತು.

"ಎಷ್ಟು ಸಲ ಸಾಯಸ್ತೀರಿ ಅವರನ್ನ?"

"ತಾಳಿ ಅತ್ತಿಗೆ. ನೀಲಿ ಬಂದಾಗ ಅದು ಏನೋ ಹೇಳ್ತಿದೆ. ಓದೋಕೆ ಮುಂಚೆ ಹೋಗ್ತಿದೆ."

ತಾನಾಗಿ ಮತ್ತೆ ಏಳದ ಹಾಗೆ ಏನೋ ತಿರುಗಿಸಿದರು. ಈ ಸಲ ನೀಲಿ ನಿಂತಿತು. ಅವರು ಕನ್ನಡಕ ಮೇಲೆತ್ತಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದರು. ಹೊಸ ಮೈಯಲ್ಲಿ ಕಣ್ಣು ಬಿಟ್ಟ ಕೂಡಲೆ ಅದು ತನ್ನ ಡಿಸ್ಕು ಹುಡುಕುತ್ತದಂತೆ. ಹಳೆಯ ಡಿಸ್ಕಿಗೆ ಹೋಗುವ ದಾರಿ ಮಾತ್ರ ಅದಕ್ಕೆ ಗೊತ್ತು. ಇಲ್ಲಿಯ ಡಿಸ್ಕು ಬೇರೆ ಜಾತಿ. ಮುಂದೆಯೇ ಇದ್ದರೂ ಕಾಣುವುದಿಲ್ಲ. ಕಾಣದೆ ಗಾಬರಿಯಾಗಿ ಸಾಯುತ್ತದೆ.

"ಮನಿಯೊಳಗ ನಿಂತು ಮನಿ ಹುಡುಕೂದು" ಎಂದೆ.

"ಹ್ಞೂ."

ಹೊರಗಿನಿಂದ ತಿದ್ದಿ ನೋಡಿದರು, ನಡೆಯಲಿಲ್ಲ. ಇನ್ನು ಒಂದೇ ದಾರಿ. ಹಳೆಯದನ್ನೇ ಇನ್ನೊಮ್ಮೆ ಎಬ್ಬಿಸಬೇಕು. ಅದು ಜೀವದಲ್ಲಿ ಇರುವಾಗಲೇ ಹೊಸ ಡಿಸ್ಕಿನ ದಾರಿ ಅದಕ್ಕೆ ಕಲಿಸಿಕೊಡಬೇಕು. ಆಮೇಲೆ ಮತ್ತೆ ಫೈಲು ಮಾಡಬೇಕು. ಹಳೆಯದು ಏಳುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವರು ಗುಂಡಿಯ ಮೇಲೆ ಬೆರಳು ಇಟ್ಟು ಹಿಂತೆಗೆದರು. ಆಮೇಲೆ ಜೇಬಿನ ಗುಳಿಗೆ ನಾಲಿಗೆ ಕೆಳಗೆ ಇಟ್ಟುಕೊಂಡರು. ಮಗ ರೂಢಿಯಿಂದ ಉದ್ಧರಣೆಯಲ್ಲಿ ನೀರು ತುಂಬಿ ಎತ್ತಿದ. "ಏ ಏ ಏ!" ಎಂದು ಇವರು ಎರಡೂ ಕೈ ಅಡ್ಡ ಹಿಡಿದರು. ಅಷ್ಟು ವರ್ಷದಲ್ಲಿ ಅವರು ನೀರು ತಡೆದದ್ದು ಅದೇ ಮೊದಲು.

ಒತ್ತಿದರು. ಹಳೆಯದು ಗೊರಗುಟ್ಟಿತು. ನಿಂತಿತು. ಮತ್ತೆ ಗೊರಗುಟ್ಟಿತು. ನಾವು ಮೂವರೂ ಆಸ್ಪತ್ರೆಯಲ್ಲಿ ನಿಂತಂತೆ ನಿಂತಿದ್ದೆವು. ಆಮೇಲೆ ಕೆಮ್ಮು.

"ಆಚಮ್ಯ."

ಮಾಸ್ತರರ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ. ಹೋಗುತ್ತಿರುವವರನ್ನು ಹಿಡಿದು ನಿಲ್ಲಿಸಿ, ಮುಂದಿನ ದಾರಿ ಹೇಳಿಕೊಟ್ಟು, ಈಗ ಹೋಗಿ ಎಂದ ಹಾಗಿತ್ತು. ಕಲಿಸಿದರು, ಫೈಲು ಮಾಡಿಕೊಂಡರು. ಅದಾದ ಮೇಲೆ ಹಳೆಯದು ಮತ್ತೆ ಏಳಲಿಲ್ಲ. ಎಬ್ಬಿಸಲು ಅವರೂ ಹೋಗಲಿಲ್ಲ.

ಹೊಸದು ಈ ಸಲ ಡಿಸ್ಕು ಕಂಡುಕೊಂಡಿತು. ಸ್ವಲ್ಪ ಮುಂದೆ ಹೋಗಿ ಮತ್ತೆ ನೀಲಿಯಾಯಿತು. ಮತ್ತೆ ಓದಿದರು. ಹಳೆಯ ಮೈಯಲ್ಲಿದ್ದ ಭಾಗಗಳನ್ನು ನಡೆಸುವ ಸಣ್ಣ ಸಣ್ಣ ಪ್ರೋಗ್ರಾಮುಗಳು ಇನ್ನೂ ಒಳಗಿದ್ದವಂತೆ. ಇಲ್ಲದ ಕೈಯನ್ನು ಎತ್ತಲು ಹೋಗಿ ಬೀಳುತ್ತಿತ್ತು. ಕನಿಷ್ಠ ಸಾಮಾನಿನಲ್ಲಿ ಏಳುವ ಒಂದು ರೀತಿ ಇದೆಯಂತೆ, ಹಾಗೆ ಎಬ್ಬಿಸಿ ಅವನ್ನು ಒಂದೊಂದಾಗಿ ಮಲಗಿಸಿದರು. ದಿನಾ ಬರುತ್ತಿದ್ದರು, ಒಂದನ್ನು ಮಲಗಿಸುತ್ತಿದ್ದರು, ಹಚ್ಚಿ ನೋಡುತ್ತಿದ್ದರು. ಒಮ್ಮೆಗೆ ಒಂದೇ. ಎರಡು ಮುಟ್ಟಿದರೆ ಯಾವುದರಿಂದ ಬದುಕಿತು ಎಂದು ತಿಳಿಯುವುದಿಲ್ಲ ಅನ್ನುತ್ತಿದ್ದರು. ನಡುನಡುವೆ ನನ್ನ ಹುಳಿಗೆ ಉಪ್ಪು ಜಾಸ್ತಿಯಾದದ್ದನ್ನೂ ಹೇಳುತ್ತಿದ್ದರು.

ಒಂದು ದಿನ ನೀಲಿ ಬರಲಿಲ್ಲ. ಪರದೆ ಬೆಳಗಿತು. ಪಡಸಾಲೆಯ ಹಳೆಯ ಕಂಪ್ಯೂಟರಿನಲ್ಲಿ ಇದ್ದ ಹಾಗೇ ಎಲ್ಲ ಬಂತು. ಅಕ್ಷರ ಓಡಿದವು, ತಿಥಿ, ನಕ್ಷತ್ರ. ದನಿ ಮಾತ್ರ ಇಲ್ಲ. ಬಾಯಿ ಆಡಿಸುತ್ತಿದೆ, ಸದ್ದಿಲ್ಲ. ಆಪರೇಷನ್ ಆಗಿ ಮನೆಗೆ ಬಂದ ದಿನ ನಮ್ಮನೆಯವರು ಹೀಗೇ ಆಡಿಸಿದ್ದರು. ನಾನು ಎದ್ದು ಒಳಗೆ ಹೋದೆ.

ಸದ್ದು ಹೊರಡಿಸುವ ಭಾಗವನ್ನು ಒಳಗಿನ ಕಂಪ್ಯೂಟರಿಗೆ ಕೊಟ್ಟಿರಲಿಲ್ಲ, ಅಷ್ಟೇ ಆಗಿದ್ದದ್ದು. ಕೊಟ್ಟರು. ಅಡುಗೆಮನೆಯಲ್ಲಿ ನಿಂತವಳಿಗೆ ಕೆಮ್ಮು ಕೇಳಿತು.

ಬಂದು ನೋಡಿದರೆ ಮಾಸ್ತರರು ಲ್ಯಾಪ್‌ಟಾಪಿನ ಮುಂದೆ ಕರ್ಮಕ್ಕೆ ಕೂತವರಂತೆ ಕೂತಿದ್ದಾರೆ. ಮಗ ಹೊರಗೆ ಹೋಗಿದ್ದ. ದನಿ ಗೋತ್ರಕ್ಕೆ ಬಂತು. ಇವರದೇ ಗೋತ್ರ ಹಾಕಿದ್ದರು. ನಿಂತಿತು. ಇವರು ಒಂದು ಹೆಸರು ಹೇಳಿದರು. ವಿಶ್ವವಿದ್ಯಾಲಯದ ಬಾಗಿಲ ಫಲಕದಲ್ಲಿ ಇದ್ದ ಹೆಸರಲ್ಲ. ನಾನು ಎಂದೂ ಕೇಳಿರದ, ಅವರ ತಾಯಿ ತೊಟ್ಟಿಲಲ್ಲಿ ಇಟ್ಟ ಹೆಸರು. ಹೇಳಿ ಬೆರಳು ಗುಂಡಿಗೆ ತಂದರು. ಒತ್ತಿದರೆ ಮುಂದಿನ ಶಬ್ದ ಪ್ರೇತ.

"ಕೈ ತೆಗೀರಿ!" ಎಂದು ಕೂಗಿದೆ.

ಬೆರಳು ಹಾಗೇ ನಿಂತಿತು. "ಪರೀಕ್ಷೆ ಅತ್ತಿಗೆ. ಪೂರ್ತಿ ಹೋಗತ್ತೋ ಇಲ್ವೋ ಅಂತ."

"ಹೋಗತದ. ಕೈ ತೆಗೀರಿ. ಅವರು ಅನ್ನೂದಿಲ್ಲ ಅಂದಿದ್ರು. ಅವರ ಕಡೆ ಅನ್ನಸ್ತೀರಿ?"

ಅವರು ತೆಗೆದರು. ಲ್ಯಾಪ್‌ಟಾಪ್ ಮುಚ್ಚಿದರು. ಅವತ್ತು ಊಟ ಮಾಡಲಿಲ್ಲ, ಮಜ್ಜಿಗೆ ಕುಡಿದು ಹೋದರು. ಹೋಗುವಾಗ, ಕರೆಂಟ್ ಬಂದರೆ ತಾನಾಗಿ ಏಳದ ಹಾಗೆ ಮಾಡಿದ್ದೇನೆ, ಇನ್ನು ಹೆದರಬೇಡಿ ಎಂದರು. ನಾನು ಹೆದರುತ್ತೇನೆ ಎಂದು ಯಾರಿಗೂ ಹೇಳಿರಲಿಲ್ಲ.

ಆ ಚಳಿಗಾಲ ಅವರ ಎದೆ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ನಾನೂ ಮಗನೂ ಇದ್ದೆವು. ಡಾಕ್ಟರೊಬ್ಬಳು ಕನ್ನಡದ ಹುಡುಗಿ, ದಾವಣಗೆರೆಯವಳು, ಏನಾದರೂ ಬೇಕೇ ಅಂಕಲ್ ಎಂದಳು. ಅವರು ನನ್ನ ಕಡೆ ತಿರುಗಿ, "ಮನೇಲಿ ಕರೆಂಟ್ ಇದೆಯಾ ಅತ್ತಿಗೆ?" ಎಂದರು. ಇದೆ ಎಂದೆ. ಅದೇ ಅವರ ಕೊನೇ ಸಾಲು. ನಾನು ಓದಿಕೊಂಡೆ.

ಮಾಸ್ತರರ ಅಣ್ಣನಿಗೆ ಫೋನು ಮಾಡಿದ್ದಕ್ಕೆ, ನೀವೇ ಮಾಡಿ ಎಂದ. ಪಡಸಾಲೆಯಲ್ಲಿ ಮಗ ಕರ್ಮಕ್ಕೆ ಕೂತ. ಪುರೋಹಿತರ ಮಣೆಯ ಮೇಲೆ ಲ್ಯಾಪ್‌ಟಾಪ್. ಉದ್ಧರಣೆ ಎತ್ತಿದವನು ತಡೆದ, ನೀರು ಕೆಳಗೆ ಬಿಟ್ಟ, ಒಣ ದರ್ಭೆಯನ್ನು ಅದಕ್ಕೆ ತಾಗಿಸಿ ತೆಗೆದ. ಅದು ಶಾಸ್ತ್ರವೋ ಅಲ್ಲವೋ ನನಗೆ ಗೊತ್ತಿಲ್ಲ. ಗುಂಡಿ ಒತ್ತಿದ. ಕರಿ ಪರದೆ. ಪಟ್ಟಿ ಹರಿದಾಡಿತು. ಹೊಸ್ತಿಲ ಈಚೆ ನಿಂತು ನಾನು ನೀಲಿಗೆ ಕಾದೆ. ಬರಲಿಲ್ಲ.

ಕೆಮ್ಮು. "ಆಚಮ್ಯ."

ಎಲ್ಲ ಸರಿಯಾಗಿ ನಡೆಯಿತು. ಸಂವತ್ಸರ, ಮಾಸ, ತಿಥಿ, ಗೋತ್ರ. ಅವಸರ ಇಲ್ಲ. ನಿಂತಿತು. ಮಗ ಬಾಯಿ ತೆರೆದ, ಮುಚ್ಚಿದ. ನನ್ನ ಕಡೆ ತಿರುಗಿದ. "ಅಮ್ಮಾ, ಅಂಕಲ್‌ದು ತೊಟ್ಟಿಲ ಹೆಸರು ಏನು?"

ಅವನಿಗೆ ಗೊತ್ತಿಲ್ಲ. ವಿಶ್ವವಿದ್ಯಾಲಯದಿಂದ ಬಂದು ಕೂತಿದ್ದ ಪ್ರೊಫೆಸರುಗಳಿಗೆ ಯಾರಿಗೂ ಗೊತ್ತಿಲ್ಲ. ಯಂತ್ರ ಕಾಯುತ್ತಿತ್ತು. ಇಂಥ ಕರ್ಮದಲ್ಲಿ ಹೆಂಗಸರು ಬಾಯಿ ಹಾಕುವುದಿಲ್ಲ, ನನ್ನಂಥವರಂತೂ ಎದುರಿಗೇ ಬರುವುದಿಲ್ಲ. ಬಲ್ಲವರ ಬಾಯಿಂದ ಬರಬೇಕು ಎಂದಿದ್ದರು ನಮ್ಮನೆಯವರು. ಬಲ್ಲವಳು ನಾನೊಬ್ಬಳೇ ಉಳಿದಿದ್ದೆ.

ಹೇಳಿದೆ. ಅಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ. ಪುಸ್ತಕ ಮಾಡುವವರು ಹೆಸರು ಯಾಕೆ ಬರೆದಿಲ್ಲ ಎಂದು ಕೇಳಬಾರದು. ಹೇಳಬೇಕಾದ ಕಡೆ ಒಮ್ಮೆ ಹೇಳಿ ಆಗಿದೆ.

ಮಗ ಗುಂಡಿ ಒತ್ತಿದ. ನನ್ನ ಮಾತಿನ ಬೆನ್ನಿಗೇ ನಮ್ಮನೆಯವರು, ಮಾಸ್ತರರು ಬದುಕಿದ್ದಾಗ ಅವರ ಹೆಸರಿಗೆ ಅನ್ನಲು ಒಪ್ಪದ ಆ ಶಬ್ದವನ್ನು ಅಂದು ಮುಂದುವರಿಸಿದರು. ಸಂಸಾರ ಮಾಡಿದಷ್ಟು ಕಾಲವೂ ನಾನು ಕರೆದರೆ ಒಂದೇ ಕೂಗಿಗೆ ಓಗೊಟ್ಟವರಲ್ಲ ಅವರು.